ಸೋಮವಾರದ ಟೆಸ್ಟು

ಯರಗುಪ್ಪಿಯ ಹಿಟ್ಟಿನ ಗಿರಣಿಯ ಸುಭಾಸನಿಗೆ ಇದ್ದದ್ದು ಒಂದೇ ದೌರ್ಬಲ್ಯ. 'ನನಗೆ ಗೊತ್ತಿಲ್ಲ' ಎಂಬ ಮಾತು ಅವನ ಬಾಯಿಂದ ಹೊರಡುತ್ತಿರಲಿಲ್ಲ. ಕುಂದಗೋಳದ ಬಸ್ಸು ಎಷ್ಟೊತ್ತಿಗೆ ಎಂದು ಯಾರಾದರೂ ಕೇಳಿದರೆ, ಗೊತ್ತಿರಲಿ ಬಿಡಲಿ, "ಈಗ ಬರ್ತೈತಿ, ನಿಂದರ್ರಿ" ಎಂದುಬಿಡುತ್ತಿದ್ದ. ಹಾಗೆ ನಿಂತವರಲ್ಲಿ ಕೆಲವರು ಇನ್ನೂ ಅಲ್ಲೇ ನಿಂತಿದ್ದಾರೆ ಎಂದು ಅವನ ಹೆಂಡತಿ ಮಹಾನಂದಾ ಹೇಳುವುದುಂಟು.

ಅಂಥವನನ್ನು ಪಾಲಕರ ಸಭೆಗೆ ಕಳಿಸಿದ್ದು ಮಾತ್ರ ಮಹಾನಂದಾಳ ತಪ್ಪೇ. ಅವಳಿಗೆ ಅವತ್ತು ಮಹಿಳಾ ಸಂಘದ ಮೀಟಿಂಗಿತ್ತು. ಮಗಳು ಸನ್ನಿಧಿ ಎರಡನೇ ತರಗತಿ. ಚಿಕ್ಕ ಮಕ್ಕಳ ಟೆಸ್ಟು ಅಂದರೇನು, ಮನೆಯಲ್ಲಿ ತಂದೆತಾಯಿ ಏನು ಮಾಡಬೇಕು, ಮುಖ್ಯವಾಗಿ ಏನೇನು ಮಾಡಬಾರದು ಎಂದು ತಿಳಿಸಿ ಹೇಳಲು ಮಂಜುಳಾ ಅಕ್ಕಾರು (ಆ ಕಡೆ ಶಾಲೆಯ ಟೀಚರಮ್ಮನನ್ನು ಹೀಗೇ ಕರೆಯುವುದು) ಎಲ್ಲರನ್ನೂ ಕರೆದಿದ್ದರು. ಅಕ್ಕಾರು ಬಾಯಿ ತೆರೆದರೋ ಇಲ್ಲವೋ, ಸುಭಾಸನ ಫೋನೂ ಬಾಯಿ ತೆರೆಯಿತು. ಗಿರಣಿಯ ಬೆಲ್ಟು ಹರಿದಿತ್ತು! ಅಂಗಳದ ಬೇವಿನ ಗಿಡದ ಕೆಳಗೆ ನಿಂತು ಬೆಲ್ಟಿನ ವಿಷಯವಾಗಿ ಸುದೀರ್ಘ ಸಂವಾದ ಮುಗಿಸಿ ಅವನು ಒಳಗೆ ಬಂದಾಗ ಅಕ್ಕಾರು ಕಟ್ಟಕಡೆಯ ಮಾತಿಗೆ ಬಂದಿದ್ದರು.

"ಸೋಮವಾರ ಹತ್ತಕ್ಕ ಟೆಸ್ಟ್ ಐತ್ರಿ. ಯಾರೂ ತಪ್ಪಸಬ್ಯಾಡ್ರಿ."

ಎಲ್ಲರೂ ನಕ್ಕರು. ಸುಭಾಸನೂ ಅವರೊಂದಿಗೆ ನಕ್ಕ. (ಯಾಕೆಂದು ಪಕ್ಕದವರನ್ನು ಕೇಳಬಹುದಿತ್ತು. ಕೇಳುವ ಜಾಯಮಾನ ಅವನದಲ್ಲ.)

"ಏನ್ ಹೇಳಿದ್ರರಿ ಅಕ್ಕಾರು?" ಮನೆಗೆ ಬಂದೊಡನೆ ಮಹಾನಂದಾ ಕೇಳಿದಳು.

"ಭಾಳ ಹೇಳಿದ್ರು."

"ಭಾಳ ಅಂದ್ರ?"

"ಸೋಮವಾರ ಟೆಸ್ಟ್. ಅಗದಿ ಕಠಿಣ. ಮಗ್ಗಿ, ಜಿಲ್ಲಾ, ರಾಜಧಾನಿ, ಎಲ್ಲಾ ಬಾಯಿಪಾಠ ಆಗಬೇಕಂತ."

"ಎರಡನೇತ್ತಾದ ಹುಡುಗಿಗೆ ರಾಜಧಾನಿ ಏನ್ ಮಾಡೂದೈತಿ?"

"ಈಗಿನ ಸಿಲಬಸ್ ಬ್ಯಾರೆನ ಐತಿ. ನಿನಗ ತಿಳಿಯಂಗಿಲ್ಲ ಬಿಡು."

ಮೂಲೆಯಲ್ಲಿ ಅಡಿಕೆ ಕತ್ತರಿಸುತ್ತಿದ್ದ ತಾಯಿ ಗುರವ್ವ ತಲೆಯೆತ್ತಿದಳು. "ಲೇ ಸುಭಾಸ, ಹುಡುಗಿಗೆ ಆಡಾಕರ ಬಿಡ್ರಿ ಅಂದಾರೋ ಇಲ್ಲೋ?"

"ಆಟ ಪೂರಾ ಬಂದ್ ಮಾಡ್ರಿ ಅಂದಾರಬೇ. ಅದನ್ನ ಎರಡ್ ಸಲ ಹೇಳಿದ್ರು."

ಅಲ್ಲಿಂದ ಆ ಮನೆಯಲ್ಲಿ ಪರೀಕ್ಷಾ ಪರ್ವ ಆರಂಭವಾಯಿತು. ಟಿವಿಯ ರಿಮೋಟು ಜೋಳದ ಚೀಲದೊಳಗೆ ಭೂಗತವಾಯಿತು. ಗುರವ್ವನ ಧಾರಾವಾಹಿಯ ಸೊಸೆ ವಿಷದ ಹಾಲಿನ ಲೋಟ ತುಟಿಗೆ ಹಿಡಿದವಳು ಹಿಡಿದಂತೆಯೇ ಉಳಿದಳು. ಕುಡಿದಳೋ ಇಲ್ಲವೋ ಎಂಬ ಚಿಂತೆಯಲ್ಲಿ ಗುರವ್ವ ಎರಡು ಹೊತ್ತು ಸರಿಯಾಗಿ ಉಣ್ಣಲಿಲ್ಲ. ಸನ್ನಿಧಿ ಶಾಲೆಯಿಂದ ಬಂದದ್ದೇ ತಡ, ಸುಭಾಸ ಅವಳನ್ನು ಗಿರಣಿಯಲ್ಲಿ ಖಾಲಿ ಡಬ್ಬಿಯ ಮೇಲೆ ಕೂರಿಸಿಕೊಳ್ಳುತ್ತಿದ್ದ. ಬೀಸಿಸಲು ಬಂದವರೂ ಪಾರಾಗಲಿಲ್ಲ.

"ಸಾವಂತ್ರೆವ್ವ, ಹಿಟ್ಟ್ ಆಮ್ಯಾಲೆ. ಮೊದಲ ಇಕಿಗೆ ಏಳರ ಮಗ್ಗಿ ಕೇಳ್ರಿ."

"ನನಗ ಎರಡರದ್ದ ಬರಂಗಿಲ್ಲೋ ಯಪ್ಪಾ! ಮನ್ಯಾಗ ರೊಟ್ಟಿ ಬಡೀಬೇಕು, ಹಿಟ್ಟ್ ಕೊಡು."

ಗಿರಣಿಯ ಸದ್ದನ್ನು ಮೀರಿಸಿ "ಏಳೆಂಟ್ಲೆ ಐವತ್ತಾರು" ಎಂದು ಕೂಗಿ ಕೂಗಿ ಶನಿವಾರಕ್ಕೆ ಹುಡುಗಿಯ ಗಂಟಲು ಬಿದ್ದಿತು. ಕೂದಲು, ಹುಬ್ಬು, ರೆಪ್ಪೆಗಳಿಗೆ ಹಿಟ್ಟು ಹತ್ತಿ, ಏಳು ವರ್ಷದ ಕೂಸು ಪಿಂಚಣಿಗೆ ಅರ್ಹವಾದಂತೆ ಕಾಣತೊಡಗಿತು.

ರವಿವಾರ ಸಂಜೆ, ದಿನವೂ ಕುಣಿಯುತ್ತ ಶಾಲೆಗೆ ಓಡುತ್ತಿದ್ದ ಆ ಹುಡುಗಿ ಅವ್ವನ ಸೆರಗು ಹಿಡಿದು ನಿಂತಳು.

"ನಾ ನಾಳೆ ಸಾಲಿಗೆ ಹೋಗಂಗಿಲ್ಲಬೇ. ಹೊಟ್ಟಿ ನೋಯಾಕತ್ತೈತಿ."

ಮಹಾನಂದಾ ಗಂಡನ ಕಡೆ ನೋಡಿದಳು. "ಖರೇ ಹೇಳ್ರಿ. ಅಕ್ಕಾರು ಹಿಂಗ ಮಾಡ್ಸ್ರಿ ಅಂದಾರೇನು?"

ಸುಭಾಸ ನಿಜ ಹೇಳಿಬಿಡೋಣ ಎಂದು ಬಾಯಿ ತೆರೆದ. ಹೊರಬಿದ್ದದ್ದು, "ಹೌದಂದ್ನೆಲಾ!"

ಸೋಮವಾರ ಮಗಳಿಗೆ ತಲೆಗೆ ಎರೆದು, ಎರಡು ಜಡೆ ಹೆಣೆದು, ಹಣೆಗೆ ವಿಭೂತಿ ಹಚ್ಚಿ, ಗಂಡ ಹೆಂಡತಿ ಇಬ್ಬರೂ ದಂಡಯಾತ್ರೆಗೆ ಹೊರಟವರಂತೆ ಶಾಲೆಗೆ ಬಂದರು. ತರಗತಿಯಲ್ಲಿ ಸಾಲಾಗಿ ಚಾಪೆ ಹಾಸಿತ್ತು. ಚಾಪೆಯ ಮೇಲೆ, ಆಶ್ಚರ್ಯವೆಂಬಂತೆ, ದೊಡ್ಡವರೇ ಕುಳಿತಿದ್ದರು. ಮಕ್ಕಳು ಗೋಡೆಗೆ ಒರಗಿ ನಿಂತು ಕಿಸಕಿಸ ನಗುತ್ತಿದ್ದವು.

"ಬರ್ರಿ ಸುಭಾಸಣ್ಣಾರ. ಬೀರಲಿಂಗ ಅವರ ಬಾಜು ಕುಂದರ್ರಿ," ಎಂದರು ಅಕ್ಕಾರು.

"ನಾ ಯಾಕ್ರಿ? ಮಗಳು ಇಲ್ಲಿ ಅದಾಳಲ್ರಿ."

"ಮಕ್ಕಳ ಟೆಸ್ಟ್ ಹ್ವಾದ ವಾರನ ಮುಗೀತಲ್ರಿ! ಸಂತಿ ಆಟ ಆಡ್ಸಿಕೋಂತ ಲೆಕ್ಕ ಕೇಳಿದೆ, ಕತಿ ಹೇಳಿಸ್ದೆ. ಟೆಸ್ಟ್ ಅಂತ ಅವಕ್ಕ ಗೊತ್ತೂ ಆಗ್ಲಿಲ್ಲ. ನಿಮ್ಮಾಕಿ ಅಗದಿ ಚಲೋ ಮಾಡ್ಯಾಳ. ಇವತ್ತಿಂದು ಪಾಲಕರ ಟೆಸ್ಟ್. ಮಕ್ಕಳಿಗೆ ಕಲಸೂಕಿಂತ ಮೊದಲ ಮಕ್ಕಳು ನಿಮಗ ಎಷ್ಟು ಗೊತ್ತದಾರ ನೋಡೂಣು ಅಂತ ಸಭಾದಾಗ ಅಷ್ಟೊತ್ತು ಹೇಳಿದೆನಲ್ರಿ? ನೀವೂ ನಕ್ಕಿರಿ."

ಮಹಾನಂದಾ ಗಂಡನ ಕಡೆ ತಿರುಗಿದಳು. ಬೈದಿದ್ದರೇ ಚೆನ್ನಾಗಿತ್ತು ಎನ್ನಿಸುವಂತೆ ನೋಡಿದಳು, ಅಷ್ಟೇ.

ಪ್ರಶ್ನೆಗಳು ಐದು. ಮೊದಲನೆಯದು: ನಿಮ್ಮ ಮಗು ತರಗತಿಯಲ್ಲಿ ಯಾರ ಪಕ್ಕ ಕೂಡುತ್ತದೆ? ಸುಭಾಸ ಬಹಳ ಹೊತ್ತು ಯೋಚಿಸಿ 'ಗೋಡೆಯ ಪಕ್ಕ' ಎಂದು ಬರೆದ. ಯಾವ ಹಾಡು ಇಷ್ಟ? ಯಾವ ಆಟ? ಶಾಲೆಯಿಂದ ಬಂದೊಡನೆ ಯಾರಿಗೆ ಏನು ಹೇಳುತ್ತದೆ? ಜಗತ್ತಿನ ರಾಜಧಾನಿಗಳನ್ನೆಲ್ಲ ಬಲ್ಲ ಮನುಷ್ಯ ಬೆವರತೊಡಗಿದ. ಮೆಲ್ಲಗೆ ಕುತ್ತಿಗೆ ಚಾಚಿ, ಬೀರಲಿಂಗ ತನ್ನ ಮಗನ ಬಗ್ಗೆ ಬರೆದದ್ದನ್ನೇ ಇಳಿಸಿಕೊಂಡ: 'ಕಬಡ್ಡಿ. ಚಡ್ಡಿ ಹರಕೊಂಡು ಬರ್ತಾನೆ.'

ಒಡೆದ ಗಂಟಲೊಂದು ಗೋಡೆಯ ಕಡೆಯಿಂದ ಕೂಗಿತು.

"ಅಕ್ಕಾರ, ನಮ್ಮಪ್ಪ ಕಾಪಿ ಹೊಡ್ಯಾಕತ್ತಾನ್ರಿ!"

ಕೋಣೆಯೆಲ್ಲ ನಗೆಯಿಂದ ತುಂಬಿತು. ಬೀರಲಿಂಗ ತನ್ನ ಹಾಳೆಯನ್ನು ಕೈಯಿಂದ ಮುಚ್ಚಿಕೊಂಡ. ಉಳಿದದ್ದು ಕೊನೆಯ ಪ್ರಶ್ನೆ: ನಿಮ್ಮ ಮಗುವಿಗೆ ಯಾವುದರ ಹೆದರಿಕೆ? ಸುಭಾಸ ಮಗಳ ಕಡೆ ನೋಡಿದ. ಎಷ್ಟು ತೊಳೆದರೂ ಕಿವಿಯ ಹಿಂದೆ ಹಿಟ್ಟು ಉಳಿದಿತ್ತು. ಅವನು ಪೆನ್ನು ತಿರುಗಿಸಿದ, ಮತ್ತೆ ತಿರುಗಿಸಿದ, ಕೊನೆಗೆ ಬರೆದ: 'ಹೋದ ವಾರದ ತನಕ ಯಾವುದರದೂ ಇರಲಿಲ್ಲ. ಈಗ ಟೆಸ್ಟಿನ ಹೆದರಿಕೆ. ಅದನ್ನು ನಾನೇ ಹಚ್ಚಿದೆ.'

ಅಕ್ಕಾರು ಅದನ್ನು ಎರಡು ಸಲ ಓದಿದರು. ಆ ಉತ್ತರಕ್ಕೆ ಪೂರ್ತಿ ಒಂದು ಅಂಕ ಕೊಟ್ಟರು. ಉಳಿದ ನಾಲ್ಕಕ್ಕೂ ಸೊನ್ನೆ. "ಮುಂದಿನ ಶನಿವಾರ ಮತ್ತ ಬರ್ರಿ," ಎಂದರು. ಇಡೀ ತರಗತಿಯಲ್ಲಿ ಮರುಪರೀಕ್ಷೆ ಅವನೊಬ್ಬನಿಗೇ.

ಮನೆಯ ದಾರಿಯಲ್ಲಿ ಮಹಾನಂದಾ ನಾಲ್ಕು ಮಾರು ಮುಂದೆ ದಡದಡ ನಡೆದಳು. ಸುಭಾಸ ತಲೆ ತಗ್ಗಿಸಿ ಹಿಂದೆ ಉಳಿದ. ಸನ್ನಿಧಿ ಓಡಿ ಬಂದು ಅವನ ಬೆರಳು ಹಿಡಿದುಕೊಂಡಳು.

"ಹೆದರಬ್ಯಾಡಪಾ. ನಾ ಹೇಳಿಕೊಡ್ತೇನಿ. ನನ್ನ ಬಾಜು ಕುಂದ್ರಾಕಿ ಅನ್ನಪೂರ್ಣ. ಈಗ ನೀ ಅನ್ನು."

"ಅನ್ನಪೂರ್ಣ," ಎಂದ ಸುಭಾಸ ಪಿಸುದನಿಯಲ್ಲಿ.

"ಹಂಗಲ್ಲ. ಒದರಿ ಹತ್ತ್ ಸಲ ಅನ್ನು."

ಎದುರಿಗೆ ಹಾಲಿನ ಡೇರಿ. ಕಟ್ಟೆಯ ಮೇಲೆ ಅರ್ಧ ಊರೇ ಕುಳಿತಿತ್ತು. "ಇಲ್ಲಿ ಬ್ಯಾಡವಾ, ಮಂದಿ ನೋಡ್ತಾರ," ಎಂದು ಸುಭಾಸ ಗೋಗರೆದ.

ಹುಡುಗಿ ಅವನ ಬೆರಳು ಜಗ್ಗಿ ನಿಲ್ಲಿಸಿದಳು.

"ನೋಡಿದ್ರ ನೋಡ್ಲಿ. ನಿಂದು ಒಂದ ಮಾರ್ಕ್ಸ್ ಬಂದೈತಿ. ಹೂಂ, ಶುರು ಮಾಡು."