ಮೂರು ಡಬ್ಬಿ, ಒಂದು ಕೋಲು

ನಮ್ಮ ಭಾವನವರನ್ನು "ಹೇಗಿದ್ದೀರಿ?" ಎಂದು ಕೇಳಿದರೆ ಅವರು "ಎಷ್ಟು ಗಂಟೆಗೆ?" ಎಂದು ಕೇಳುತ್ತಾರೆ. ತಮಾಷೆಗಲ್ಲ. ಎಣ್ಣೂರಿನ ವಿದ್ಯುತ್ ಸ್ಥಾವರವೊಂದರ ಕಂಟ್ರೋಲ್ ರೂಮಿನಲ್ಲಿ ಇಡೀ ಸರ್ವೀಸು ಗಂಟೆಗೊಮ್ಮೆ ಮೀಟರುಗಳನ್ನು ನೋಡಿ ಲಾಗ್ ಬುಕ್ಕಿನಲ್ಲಿ ಅಂಕಿ ಬರೆದವರು. ನಿವೃತ್ತಿಯ ದಿನ ಶಾಲು ಹೊದಿಸಿ ಮನೆಗೆ ಕಳುಹಿಸಿದರು, ಲಾಗ್ ಬುಕ್ಕನ್ನು ಮಾತ್ರ ಅಲ್ಲೇ ಇಟ್ಟುಕೊಂಡರು. ಅದರ ಫಲವನ್ನು ಈಗ ಇಡೀ ಕುಟುಂಬ ಉಣ್ಣುತ್ತಿದೆ!

ನಾನು ಪತ್ರಿಕೆಯ ಡೆಸ್ಕಿನಲ್ಲಿ ಕೂರುವವನು. ಕಂಡದ್ದನ್ನು ಕಂಡಷ್ಟೇ ಬರೆಯುವುದು ನನ್ನ ಅಭ್ಯಾಸ. ಆದ್ದರಿಂದ ಇಲ್ಲಿ ಎಲ್ಲಾದರೂ ಅತಿಯಾಯಿತು ಅನ್ನಿಸಿದರೆ ಅದು ಭಾವನವರದು, ನನ್ನದಲ್ಲ.

ಹಿಂದೊಂದು ಮಳೆಗಾಲದಲ್ಲಿ ವೇಲಚೇರಿಯ ಅವರ ನೆಲಮಹಡಿಯ ಮನೆಗೆ ನೀರು ನುಗ್ಗಿದಾಗ ಭಾವ ಡ್ಯೂಟಿಯಲ್ಲಿದ್ದರು. ಅಕ್ಕ ಒಬ್ಬಳೇ ಅಡುಗೆಮನೆಯ ಕಟ್ಟೆಯ ಮೇಲೆ ಕಾಲು ಮಡಚಿಕೊಂಡು ಒಂದಿಡೀ ಹಗಲು ಕೂತಿದ್ದಳು. ಅಂದಿನಿಂದ ಬಕೆಟ್ಟಿಗೆ ನೀರು ಬೀಳುವ ಸದ್ದಿಗೂ ಬೆಚ್ಚುತ್ತಾಳೆ. ಮೇಲಿನ ಮಹಡಿಗೆ ಹೋಗೋಣವೆಂದರೆ ಅವಳ ಮಂಡಿ ಒಪ್ಪುವುದಿಲ್ಲ. "ಇನ್ಮೇಲೆ ನಿನಗೆ ಹೇಳದೆ ನೀರು ಬರಲ್ಲ" ಎಂದು ಭಾವ ಮಾತು ಕೊಟ್ಟರು. ನೀರಿನ ಪರವಾಗಿ ಮಾತು ಕೊಟ್ಟವರು ಬೇರೆ ಯಾರಾದರೂ ಇದ್ದಾರೆಯೇ?

ಆ ಮಾತನ್ನು ಉಳಿಸಿಕೊಳ್ಳಲು, ನಿವೃತ್ತರಾದ ಮೇಲೆ, ಬೀದಿಯ ಚರಂಡಿಯ ಮೇಲೆ ಕಂಬವೊಂದಕ್ಕೆ ಸೆನ್ಸರ್ ಕಟ್ಟಿದರು. ಅದು ಕೆಳಗೆ ನೋಡುತ್ತಾ ಹತ್ತು ಸೆಕೆಂಡಿಗೊಮ್ಮೆ ನೀರಿನ ಮಟ್ಟ ಹೇಳುತ್ತದೆ. ಹೇಳಿದ್ದನ್ನು ಕೂಡಿಡಲು ಒಂದು ಡೇಟಾಬೇಸ್. "ಟೈಮ್ ಸೀರೀಸ್ ಅಂತಾರೆ. ಲಾಗ್ ಬುಕ್ಕೇ ಕಣಯ್ಯಾ. ಬರೆಯೋನು ತೂಕಡಿಸಲ್ಲ, ಅಷ್ಟೆ" ಎಂದರು. ಒಂದೇ ಯಂತ್ರವಾದರೆ ನೀರಲ್ಲಿ ಮುಳುಗೀತು ಎಂದು ಮೂರು ಯಂತ್ರಗಳನ್ನು ಒಂದಕ್ಕೊಂದು ಜೋಡಿಸಿ ಕ್ಲಸ್ಟರ್ ಮಾಡಿದರು. ತಿಂಡಿ ಡಬ್ಬಿಯಷ್ಟು ದೊಡ್ಡ ಕಂಪ್ಯೂಟರುಗಳು. ಒಂದು ಅವರ ಮನೆಯಲ್ಲಿ, ಒಂದು ಎಣ್ಣೂರಿನಲ್ಲಿ ಅವರ ಹಳೆಯ ಸಹೋದ್ಯೋಗಿಯ ಮನೆಯಲ್ಲಿ, ಇನ್ನೊಂದು ಕೋಯಂಬೇಡು ಮಾರುಕಟ್ಟೆಯ ಹಿಂದಿನ ನಮ್ಮ ಮನೆಯ ಫ್ರಿಜ್ಜಿನ ಮೇಲೆ. ಮೂರರಲ್ಲಿ ಎರಡು ಒಪ್ಪಿದರೆ ಮಾತ್ರ ಅಳತೆ ದಾಖಲಾಗುತ್ತದೆ.

"ಎರಡು ಕೆಟ್ಟು ಒಂದೇ ಉಳಿದರೆ?" ಎಂದೆ.

"ಒಬ್ಬನ ಮಾತನ್ನ ನಂಬಿ ಬರೀಬಾರದು. ಪೇಪರ್‌ನೋನಿಗೆ ಇದನ್ನ ನಾನು ಹೇಳ್ಕೊಡಬೇಕಾ?"



ಮೊದಲ ವಾರವೇ ನನ್ನ ಹೆಂಡತಿ ಮಿಕ್ಸಿಗೆಂದು ಡಬ್ಬಿಯ ಪ್ಲಗ್ ಕಿತ್ತಳು. ಚಟ್ನಿ ಇನ್ನೂ ನುಣ್ಣಗಾಗಿರಲಿಲ್ಲ, ಭಾವನ ಫೋನ್. ಮೂರನ್ನೂ ಕಾಯಲು ಅವರು ಇನ್ನೊಂದು ಪ್ರೋಗ್ರಾಮನ್ನು ಕಾವಲಿಟ್ಟಿದ್ದರು! ಯಾವ ಡಬ್ಬಿಗೆ ಯಾವ ಅಳತೆ ತಪ್ಪಿತೆಂಬ ಪಟ್ಟಿ ಪ್ರತಿ ಭಾನುವಾರ ಕುಟುಂಬದ ವಾಟ್ಸ್ಯಾಪ್ ಗುಂಪಿಗೆ ಬರುತ್ತದೆ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಎಂಬುದರ ಸಮೇತ. ನಮ್ಮ ಮನೆಯ ಚಟ್ನಿಯ ಚರಿತ್ರೆ ಮೈಸೂರಿನ ಚಿಕ್ಕಮ್ಮನವರೆಗೂ ಹೋಯಿತು. ಅಕ್ಕ ಆ ಗುಂಪಿನ ಸದ್ದನ್ನೇ ಅಡಗಿಸಿಟ್ಟಳು.

ತಪ್ಪಿದ ಜಾಗದಲ್ಲಿ ಹಿಂದಿನ ಅಂಕಿಯನ್ನೇ ಹಾಕಿಬಿಡಬಹುದಲ್ಲ ಎಂದು ಒಮ್ಮೆ ಸಲಹೆ ಕೊಟ್ಟೆ. ಕ್ಯಾಂಟೀನಿನಲ್ಲಿ ಕೂತು ಎಂಟು ಗಂಟೆಯ ಅಂಕಿಗಳನ್ನು ಒಟ್ಟಿಗೇ ತುಂಬುತ್ತಿದ್ದ ಒಬ್ಬ ಸಹೋದ್ಯೋಗಿಯ ಜೊತೆ ಭಾವ ನಿವೃತ್ತಿಯವರೆಗೂ ಟೀ ಕುಡಿಯಲಿಲ್ಲವಂತೆ.

"ಸೊನ್ನೆ ಅಂದ್ರೆ ನೋಡ್ದೆ, ಏನೂ ಇರ್ಲಿಲ್ಲ ಅಂತ. ಖಾಲಿ ಅಂದ್ರೆ ನೋಡ್ಲೇ ಇಲ್ಲ ಅಂತ. ನೋಡದೇ ಇದ್ದದ್ದನ್ನ ಬರೀಬಾರದು" ಎಂದರು.

ಬಳಿಕ ಮೇ ತಿಂಗಳ ಆ ಮಧ್ಯಾಹ್ನ. ಡಾಂಬರು ಕರಗುವ ಬಿಸಿಲು. ಬೀದಿಯಲ್ಲಿ ಎದೆಯುದ್ದ ನೀರು ಎಂದು ಎಲ್ಲರ ಫೋನಿಗೂ ಅಲರ್ಟ್. ಅಕ್ಕ ಕಿಟಕಿಯಾಚೆ ಸಹ ನೋಡಲಿಲ್ಲ. ನೋಯುವ ಮಂಡಿಯಲ್ಲಿ ಸ್ಟೂಲು ಹತ್ತಿ ಅಕ್ಕಿ, ಬೇಳೆ, ದೇವರ ಪಟಗಳನ್ನೆಲ್ಲ ಅಟ್ಟಕ್ಕೆ ಸೇರಿಸಿದಳು. ಭಾವ ಹೊರಗೆ ಓಡಿದರು. ಕಟ್ಟಡದ ತಮಿಳು ವಾಚ್‌ಮನ್ ಕಂಬದ ಕಡೆ ಕೈ ತೋರಿಸಿ, "ತಣ್ಣಿ ಇಲ್ಲೈ ಸಾರ್. ಆಟೋ ಸಾರ್" ಎಂದ. ನೀರಿಲ್ಲ, ಆಟೋ. ಸೆನ್ಸರ್ ಕೆಳಗೆ ಯಾರೋ ಆಟೋ ನಿಲ್ಲಿಸಿ ಊಟಕ್ಕೆ ಹೋಗಿದ್ದರು!

ಅಕ್ಕ ಮೂರು ದಿನ ಮಾತು ಬಿಟ್ಟಳು. ನಾಲ್ಕನೆಯ ದಿನ ಹೇಳಿದ್ದು ಒಂದೇ ವಾಕ್ಯ: "ಸಂಪಿನ ನೀರು ಅಳೆಯೋಕೆ ವಾಚ್‌ಮನ್ ಇಳಿಬಿಡೋ ಕೋಲು ನಿಮ್ಮ ಮೂರು ಡಬ್ಬಿಗಿಂತ ವಾಸಿ ರೀ."

ಕಳೆದ ಮಳೆಗಾಲದಲ್ಲಿ ಅದೇ ನಿಜವಾಯಿತು. ಬೆಳಗ್ಗೆ ಅಲರ್ಟ್ ಬಂತು, ಈ ಸಲ ಸರಿಯಾಗಿಯೇ. ಆದರೆ ಅಕ್ಕ ಮೊದಲು ಬೀದಿಗೆ ಇಣುಕಿ ಆಟೋ ಹುಡುಕಿದಳು. ಅಷ್ಟರಲ್ಲಿ ನೀರು ಗೇಟು ದಾಟಿತ್ತು. ಭಾವ ಹೇಗೋ ಅವಳನ್ನು ಮೆಟ್ಟಿಲ ತಿರುವಿನವರೆಗೆ ಹತ್ತಿಸಿ ಕುರ್ಚಿ ಹಾಕಿ ಕೂರಿಸಿದರು. ಅವರ ಮನೆಯ ಡಬ್ಬಿ ಮುಳುಗಿತು. ಎಣ್ಣೂರಿನಲ್ಲಿ ಕರೆಂಟ್ ಹೋಯಿತು. ನಮ್ಮ ಫ್ರಿಜ್ಜಿನ ಮೇಲಿನದು ಬೆಚ್ಚಗೆ, ಒಣಗಿ, ದೀಪ ಮಿನುಗಿಸುತ್ತಾ ಕೂತಿತ್ತು. ಒಬ್ಬನ ಮಾತು ಬರೆಯಬಾರದಲ್ಲ, ಒಂದಕ್ಷರವನ್ನೂ ಬರೆದುಕೊಳ್ಳಲಿಲ್ಲ.

ಭಾವ ನನ್ನ ಆಫೀಸಿಗೆ ಫೋನ್ ಮಾಡಿದರು. "ಪೆನ್ ತಗೋ. ಹನ್ನೆರಡು ಗಂಟೆ, ಹದಿನಾಲ್ಕು ಇಂಚು." ವಾಚ್‌ಮನ್‌ನ ಕೋಲು ಅವರ ಕೈಯಲ್ಲಿತ್ತು. ಪುಟದ ಪ್ರೂಫ್ ಹಾಳೆಯ ಬೆನ್ನ ಮೇಲೆ ಬರೆದುಕೊಂಡೆ. ಅರ್ಧ ಗಂಟೆಗೊಮ್ಮೆ ಕರೆ. ಹದಿನಾರು. ಹದಿನೆಂಟು. ಇಪ್ಪತ್ತು. ಎರಡು ಗಂಟೆಗೆ ಇಪ್ಪತ್ತೆರಡು.

ಎರಡೂವರೆಗೆ ಕರೆ ಬರಲಿಲ್ಲ.

ನಾನೇ ಮಾಡಿದೆ. ರಿಂಗ್ ಆಯಿತು, ಎತ್ತಲಿಲ್ಲ. ಮೂರಕ್ಕೂ ಇಲ್ಲ. ಅಗ್ನಿಶಾಮಕದವರು ಹೆಸರು, ವಿಳಾಸ ಬರೆದುಕೊಂಡರು; ದೋಣಿಗಳೆಲ್ಲ ಹೊರಗಿವೆ ಎಂದರು. ವೇಲಚೇರಿಗೆ ಹೋಗುವ ರಸ್ತೆಗಳು ಯಾವುವೂ ಉಳಿದಿಲ್ಲವೆಂದು ನಾನೇ ಆಗತಾನೇ ಸುದ್ದಿ ಬರೆದು ಕಳಿಸಿದ್ದೆ. ಕೆಲಸ ಮಾಡುವುದನ್ನು ಬಿಡಲಿಲ್ಲ. ಕಾಗುಣಿತ ತಿದ್ದಿದೆ, ಶೀರ್ಷಿಕೆ ಕೊಟ್ಟೆ. ಮಗ್ಗುಲಲ್ಲಿ ಆ ಹಾಳೆ. ಎರಡೂವರೆಯ ಎದುರು ಇಪ್ಪತ್ತೆರಡು ಎಂದೇ ಬರೆಯಲು ಕೈ ಹೋಯಿತು. ಬರೆದರೆ ನೀರು ಅಲ್ಲೇ ನಿಂತೀತು ಅನ್ನಿಸಿತು. ಬರೆಯಲಿಲ್ಲ. ಖಾಲಿ ಎಂದರೆ ಏನೆಂದು ಭಾವ ಅಷ್ಟು ಸಲ ಹೇಳಿದ್ದು ಆಗ ಅರ್ಥವಾಯಿತು.

ನಾಲ್ಕು ಹತ್ತಕ್ಕೆ ಫೋನ್. "ಬರ್ಕೋ. ಹತ್ತೊಂಬತ್ತು. ಮೆಟ್ಟಿಲು ನೋಡಿ ಹೇಳ್ತಿದೀನಿ, ಕೋಲು ಇಲ್ಲ."

ಬರೆದುಕೊಂಡೆ. "ಮಧ್ಯದ್ದು?" ಎಂದೆ.

"ಮಧ್ಯದ್ದು ಇಲ್ಲ."

"ಫೋನಾದ್ರೂ ಎತ್ತಬಾರದಿತ್ತಾ ಭಾವ?"

"ಎರಡು ಕೈನೂ ಬಿಡುವಿರ್ಲಿಲ್ಲ ಕಣಯ್ಯಾ."

ನೀರಿಳಿದ ಮೇಲೆ ಅಕ್ಕ ಹೇಳಿದಳು. "ಮೂರನೇ ಮೆಟ್ಲು ಮುಳುಗಿದ್ದೇ ನನಗೆ ಉಸಿರೇ ಸಿಗಲಿಲ್ಲ ಕಣೋ. ಕೋಲು ಬಿಟ್ಟು ಬಂದು ನನ್ನ ಎರಡು ಕೈನೂ ಹಿಡ್ಕೊಂಡು ಕೂತ್ರು. ಕೋಲು ತೇಲ್ಕೊಂಡು ಹೋಯ್ತು. ತಿರುಗೂ ನೋಡ್ಲಿಲ್ಲ."

ಮೂರು ಡಬ್ಬಿಗಳೂ ಈಗ ಮತ್ತೆ ಎದ್ದಿವೆ. ನನ್ನ ಹಾಳೆಯ ಅಂಕಿಗಳನ್ನೆಲ್ಲ ಭಾವ ಡೇಟಾಬೇಸಿಗೆ ಸೇರಿಸಿದರು. ಗ್ರಾಫಿನ ಗೆರೆ ಹತ್ತುತ್ತಾ ಬಂದು ಎರಡು ಗಂಟೆಗೆ ಕಡಿದು, ನಾಲ್ಕು ಹತ್ತಕ್ಕೆ ಮತ್ತೆ ಶುರುವಾಗುತ್ತದೆ. ವಾರವಾರವೂ ಮರಳಿ ಬರುವ ಹಳೆಯ ಲೋಪಗಳನ್ನು ಭಾನುವಾರದ ಪಟ್ಟಿಯಿಂದ ತೆಗೆಯುವುದು ಅವರಿಗೆ ಒಂದು ನಿಮಿಷದ ಕೆಲಸ. ನಮ್ಮ ಚಟ್ನಿಯನ್ನೂ ತೆಗೆದಿದ್ದಾರೆ. ಈ ಒಂದು ಸಾಲನ್ನು ಮಾತ್ರ ತೆಗೆದಿಲ್ಲ: ವೇಲಚೇರಿ, ಎರಡರಿಂದ ನಾಲ್ಕು ಹತ್ತು, ಅಳತೆ ಇಲ್ಲ.

ಗುಂಪಿನ ಸದ್ದಡಗಿಸಿದ ಅಕ್ಕ ಪ್ರತಿ ಭಾನುವಾರ ಅದನ್ನು ತಾನಾಗಿ ತೆರೆದು, ಆ ಪಟ್ಟಿಯ ಕೆಳಗೆ ಎತ್ತಿದ ಹೆಬ್ಬೆರಳಿನ ಚಿತ್ರವೊಂದನ್ನು ಹಾಕಿ ಹೋಗುತ್ತಾಳೆ.