ನಮ್ಮತ್ತೆ ಹುಡುಕಿದ ಒಂದನೇ ನಂಬರಿನ ಹಾಡು

ಸತ್ತ ನೆಂಟರಿಗೆ ನೀವೆಲ್ಲ ಸೂತಕ ಹಿಡಿದಿರುತ್ತೀರಿ. ಮುಖ ಕಾಣದ ದಾಯಾದಿಯಾದರೂ ಸರಿ, ಗೊಣಗಿಕೊಂಡೇ ತಲೆಗೆ ನೀರು ಹಾಕಿಕೊಂಡಿರುತ್ತೀರಿ. ಆದರೆ ಒಂದು ಸಿನಿಮಾ ಹಾಡು ತೀರಿಕೊಂಡಿತು ಅಂತ ತಲೆಗೆ ಸ್ನಾನ ಮಾಡಿದವರನ್ನು ಕಂಡಿದ್ದೀರಾ? ನಾನು ಕಂಡಿದ್ದೇನೆ. ಆಕೆ ನನ್ನ ಸೋದರತ್ತೆ, ನಮ್ಮಪ್ಪನ ಅಕ್ಕ. ಹೋಗಲಿ, ಆ ಹಾಡಾದರೂ ಕನ್ನಡದ್ದೇ? ಅಲ್ಲ, ಹಿಂದಿಯದು. ಅತ್ತೆಗೆ ಬರುತ್ತಿದ್ದ ಹಿಂದಿಯೆಂದರೆ ಒಂದರಿಂದ ಹದಿನಾರರವರೆಗಿನ ಎಣಿಕೆ. ಅದೂ ತಲೆಕೆಳಗು! ಹದಿನಾರರಿಂದ ಶುರುಮಾಡಿ ಒಂದಕ್ಕೆ ಇಳಿಯುವುದು ಮಾತ್ರ ಬರುತ್ತಿತ್ತು. ರವಿಕೆಗೆ ಐದು ಗುಂಡಿ ಬೇಕು ಅಂತ ಹಿಂದಿಯಲ್ಲಿ ಹೇಳಲು ಹೊರಟರೆ, ಸೋಲಾ, ಪಂದ್ರಾ, ಚೌದಾ ಅಂತ ಮೆಟ್ಟಿಲಿಳಿದು ಐದರ ಹತ್ತಿರ ಬಂದು ನಿಲ್ಲಬೇಕು.

ಇದೆಲ್ಲ ನನಗೆ ಗೊತ್ತಾದದ್ದು ಕಾಲೇಜಿಗೆ ಸೇರಿದ ಮೇಲೆ. ನಮ್ಮೂರು ಬೋರನಕಣಿವೆ ಹತ್ತಿರದ ಸಣ್ಣ ಹಳ್ಳಿ. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಹೆಣ್ಣುಹುಡುಗಿಯನ್ನು ಹಾಸ್ಟೆಲಿಗೆ ಹಾಕಲು ಅಪ್ಪನಿಗೆ ಧೈರ್ಯ ಬರಲಿಲ್ಲ. ಹಾಡು, ಸಿನಿಮಾ ಅಂತ ಕೆಟ್ಟುಹೋಗುತ್ತಾಳೆ, ಅಕ್ಕನ ಮನೆಯಲ್ಲಾದರೆ ಶಿಸ್ತಾಗಿರುತ್ತಾಳೆ ಅಂತ ಲೆಕ್ಕ ಹಾಕಿ, ದಬ್ಬೇಘಟ್ಟದ ಹತ್ತಿರ ತೋಟದ ಮನೆಯಲ್ಲಿದ್ದ ಅತ್ತೆಯ ವಶಕ್ಕೆ ನನ್ನನ್ನು ಒಪ್ಪಿಸಿದರು. ಅಲ್ಲಿಂದ ತುರುವೇಕೆರೆ ಕಾಲೇಜಿಗೆ ದಿನಾ ಬಸ್ಸು. ಪಾಪ, ಅಪ್ಪನಿಗೇನು ಗೊತ್ತು!

ಅತ್ತೆಯ ಹೆಣ್ಣುಮಕ್ಕಳಿಬ್ಬರೂ ಮದುವೆಯಾಗಿ ಹೋಗಿದ್ದರು. ಮನೆಯಲ್ಲಿದ್ದದ್ದು ಅತ್ತೆ, ಮಾವ ಮತ್ತು ಅಟ್ಟದ ತುಂಬ ಕಾಯಿ. ನಮ್ಮ ಸೀಮೆಯಲ್ಲಿ ಕೊಬ್ಬರಿ ಮಾಡುವುದೆಂದರೆ ತಾಳ್ಮೆಯ ಕೆಲಸ. ಸಿಪ್ಪೆ ಸಮೇತ ಕಾಯಿಗಳನ್ನು ಅಟ್ಟಕ್ಕೇರಿಸಿ, ಹೆಚ್ಚುಕಮ್ಮಿ ವರ್ಷ ಪೂರ್ತಿ ಹಾಗೇ ಬಿಟ್ಟರೆ ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಡಿಸಿಕೊಂಡು, ಅಲ್ಲಾಡಿಸಿದರೆ ಲೊಟಲೊಟ ಅನ್ನುತ್ತದೆ. ಈ ಕಾಯಿಗಳ ಮಧ್ಯೆ ಒಂದು ಗೋಣಿಚೀಲ ಹಾಸಿ, ಅದರ ಮೇಲೆ ದೇವರನ್ನು ಕೂರಿಸಿದ ಹಾಗೆ ಅತ್ತೆ ತಮ್ಮ ರೇಡಿಯೊ ಕೂರಿಸಿದ್ದರು. ನಡುಮನೆಯಲ್ಲಿಟ್ಟರೆ ಬರೀ ಗೊರಗೊರ. ಅಟ್ಟದ ಮೇಲಿಟ್ಟು, ತಂತಿಯನ್ನು ಹೆಂಚಿನ ಸಂದಿಯಿಂದ ಹಾಯಿಸಿ ಪಕ್ಕದ ತೆಂಗಿನ ಮರದ ಸುಳಿಗೆ ಕಟ್ಟಿದರೆ ಸಿಲೋನು ಸ್ಟೇಷನ್ನು ಪಕ್ಕದ ಮನೆಯಿಂದ ಮಾತಾಡಿದಷ್ಟು ಸ್ಪಷ್ಟ. ಆ ಮರಕ್ಕೆ 'ರೇಡಿಯೊ ಮರ' ಅಂತಲೇ ಹೆಸರಾಗಿತ್ತು. ಕಾಯಿ ಕೀಳುವವನು ತೋಟದ ಮರವನ್ನೆಲ್ಲ ಹತ್ತಿ ಇಳಿದರೂ ಅದರ ಬುಡದಲ್ಲಿ ನಿಂತು ಅತ್ತೆಯ ಅಪ್ಪಣೆ ಕೇಳುತ್ತಿದ್ದ.

ವಾರಕ್ಕೊಂದು ಸಂಜೆ ಸಿಲೋನಿನಿಂದ ಹಾಡುಗಳ ಪಂದ್ಯ ಬರುತ್ತಿತ್ತು. ಆ ವಾರ ಜನ ಮೆಚ್ಚಿದ ಹಾಡುಗಳನ್ನು ಹದಿನಾರನೇ ನಂಬರಿನಿಂದ ಒಂದೊಂದಾಗಿ ಹಾಕುತ್ತ ಒಂದನೇ ನಂಬರಿಗೆ ತಂದು ನಿಲ್ಲಿಸುವರು. ಬೇರೆಯವರು ಯಾವುದು ಗೆಲ್ಲುತ್ತದೆ ಅಂತ ಕಿವಿಗೊಟ್ಟರೆ, ಅತ್ತೆ ಯಾವುದು ಬೀಳುತ್ತದೆ ಅಂತ ಕಿವಿಗೊಡುವರು. ಹೊಸ ಹಾಡು ಬಂದರೆ ಹೊಸ ಸೊಸೆಯನ್ನು ನೋಡುವ ಹಾಗೆ ಮೂತಿ ತಿರುಗಿಸುವರು. ಹೋದ ವಾರ ಮೂರನೆಯದಾಗಿದ್ದದ್ದು ಈ ವಾರ ಒಂಬತ್ತಕ್ಕೆ ಜಾರಿದರೆ ಎದೆ ಹಿಡಿದುಕೊಳ್ಳುವರು. ನಡುವೆ ಯಾವಾಗಲಾದರೊಮ್ಮೆ, ಹಿಂದೆಂದೋ ಮೆರೆದು ಮರೆತುಹೋದ ಹಾಡೊಂದನ್ನು ರೇಡಿಯೊದವರು ಹುಡುಕಿ ಹಾಕಿದರಂತೂ ತವರಿನವರು ಬಂದಷ್ಟು ಸಂಭ್ರಮ. ಅಂಥ ಹಾಡನ್ನು ಮತ್ತೆ ಯಾರೂ ಮರೆಯಬಾರದು ಅಂತ ಅತ್ತೆ ಒಂದೊಂದಕ್ಕೆ ಒಂದೊಂದು ಕೆಲಸ ಹಚ್ಚಿದ್ದರು. ಮುದ್ದೆ ತಿರುವಲು ಒಂದು, ಹಸು ಕರೆಯಲು ಒಂದು. ಹಸು ಕರೆಯುವ ಹಾಡು ಮಾತ್ರ ಬದಲಾಗುವಂತಿರಲಿಲ್ಲ, ಬದಲಾದರೆ ಹಸು ಒದೆಯುತ್ತಿತ್ತು.

ಈಗ ಸೂತಕದ ವಿಚಾರಕ್ಕೆ ಬರೋಣ. ತಿಂಗಳುಗಟ್ಟಲೆ ಒಂದನೇ ನಂಬರಿನಲ್ಲಿ ಕೂತಿದ್ದ ಹಾಡೊಂದು ಜಾರುತ್ತ ಜಾರುತ್ತ ಒಂದು ಸಂಜೆ ಪಟ್ಟಿಯಿಂದಲೇ ಉದುರಿತು. ಅತ್ತೆ ರೇಡಿಯೊ ಆರಿಸಿ, ಏಣಿ ಇಳಿದು, ನೇರ ಬಚ್ಚಲಿಗೆ ಹೋಗಿ ತಲೆಗೆ ನೀರು ಸುರಿದುಕೊಂಡರು. ಆವತ್ತು ಸಾರಿಗೆ ಒಗ್ಗರಣೆಯಿಲ್ಲ. ಮಾವ ಊಟಕ್ಕೆ ಕೂತರು. ಸಪ್ಪೆ ಸಾರನ್ನು ನೋಡಿದರು, ಅತ್ತೆಯ ಒದ್ದೆ ತಲೆಯನ್ನು ನೋಡಿದರು.

"ಯಾರು?" ಅಂದರು.

"ನಿಮಗೆ ಗೊತ್ತಿರೋರಲ್ಲ ಬುಡಿ," ಅಂದರು ಅತ್ತೆ.

ಮಾವ ಹೂಂ ಅಂದು ಊಟ ಮುಂದುವರಿಸಿದರು. ಮಾತಿನಲ್ಲಿ ಅವರಷ್ಟು ಜಿಪುಣರನ್ನು ನಾನು ಕಂಡಿಲ್ಲ. ಹೂಂ ಮತ್ತು ಉಹೂಂ, ಇವೆರಡರಲ್ಲಿ ಸಂಸಾರ ನಡೆಯುತ್ತಿತ್ತು. ತಿಪಟೂರು ಮಾರುಕಟ್ಟೆಯಲ್ಲಿ ಕೊಬ್ಬರಿಗೆ ಒಳ್ಳೆಯ ಧಾರಣೆ ಸಿಕ್ಕಿದ ದಿನ "ಪರವಾಗಿಲ್ಲ" ಅನ್ನುತ್ತಿದ್ದರು. ಅದು ಅವರ ಭಾಷಣ.

ಹಿಂದಿ ಬಾರದ ಅತ್ತೆಗೆ ಹಾಡಿನ ಅರ್ಥ ಹೇಳುತ್ತಿದ್ದವರು ಯಾರು? ತುರುವೇಕೆರೆ ಬಸ್ ಸ್ಟ್ಯಾಂಡಿನ ಪಕ್ಕ ಅಂಗಡಿಯಿಟ್ಟಿದ್ದ ಟೈಲರು. ಊರೆಲ್ಲ ಅವರನ್ನು ಭಾಯಿ ಅನ್ನುತ್ತಿತ್ತು. ಅತ್ತೆ ರವಿಕೆ ಹೊಲಿಸುವ ನೆಪದಲ್ಲಿ ಹೋಗಿ, ಅಂಗಡಿಯ ಮುಂದೆ ನಿಂತೇ ಎರಡು ಸಾಲು ಹಾಡಿ, ಅದರಲ್ಲಿ ಏನು ಹೇಳ್ತಾವ್ರೆ ಅಂತ ವಿಚಾರಿಸುವರು. ಆ ಸಾಲಿನಲ್ಲಿ ನಾಯಕ ನಾಯಕಿಯ ಸೊಂಟ ಬಣ್ಣಿಸುತ್ತಿದ್ದರೆ ಭಾಯಿ ಏನು ಮಾಡಬೇಕು? ಎದುರಿಗಿರುವುದು ಸೆರಗು ಹೊದ್ದ, ಹಣೆ ತುಂಬ ಕುಂಕುಮವಿಟ್ಟ ಗೌಡಮ್ಮ. ಭಾಯಿ ಕತ್ತಿನ ಟೇಪು ಸರಿಮಾಡಿಕೊಂಡು, ಮಿಷನ್ನಿನ ಕಡೆಯೇ ನೋಡುತ್ತ, ಇದು ದೇವರ ಹಾಡು ಅನ್ನುವರು. ಮುಂದಿನ ಸಲ, ಇದು ತಾಯಿ ಮಗನಿಗೆ ಬುದ್ಧಿ ಹೇಳೋ ಹಾಡು. ಹೀಗೆ ಹಿಂದಿ ಸಿನಿಮಾದ ಸಕಲ ಶೃಂಗಾರವೂ ಭಾಯಿಯ ಕತ್ತರಿಗೆ ಸಿಕ್ಕಿ ಸಂಸಾರಸ್ಥರ ಅಳತೆಗೆ ಬಂದುಬಿಟ್ಟಿತ್ತು.

ಇದರಿಂದ ಆದ ಅನಾಹುತ ಒಂದೆರಡಲ್ಲ. ಪಕ್ಕದ ತೋಟದವರ ಮಗಳ ಮದುವೆ. ಮೈಕ್ ಸೆಟ್ಟಿನವನು ಬೆಳಗಿನಿಂದ ಹಾಡು ಹಾಕುತ್ತಿದ್ದ. ಹೆಣ್ಣು ಒಪ್ಪಿಸುವ ಹೊತ್ತಿಗೆ ಅತ್ತೆ ಅವನ ಹತ್ತಿರ ಹೋಗಿ ಒಂದು ಹಾಡು ಹಾಡಿ ತೋರಿಸಿ, ಇದನ್ನೇ ಹಾಕಬೇಕು ಅಂತ ಹಟ ಹಿಡಿದರು. ಅವನು ಬೇಡ ತಾಯಿ ಅಂದ. ಅತ್ತೆ ಬಿಡಲಿಲ್ಲ. ಅಣ್ಣ ತಂಗಿಯನ್ನು ಗಂಡನ ಮನೆಗೆ ಕಳಿಸುವ ಹಾಡು ಅದು ಅಂತ ಭಾಯಿ ಹೇಳಿದ್ದರಲ್ಲ! ತೆಂಗಿನ ಮರಕ್ಕೆ ಕಟ್ಟಿದ ಹಾರನ್ನಿನಿಂದ ಹಾಡು ಹೊರಬಿತ್ತು. ಮೊದಲು ಬಾಟಲಿಯ ಬಿರಡೆ ಬಿಚ್ಚಿದ ಸದ್ದು, ಆಮೇಲೆ ಹೆಣ್ಣೊಬ್ಬಳ ಬಿಕ್ಕಳಿಕೆ, ನಿಟ್ಟುಸಿರು, ನಡುನಡುವೆ ಗೆಜ್ಜೆ. ಅತ್ತೆ ಸೆರಗಿನಲ್ಲಿ ಕಣ್ಣೊತ್ತಿಕೊಂಡರು. ಅವರನ್ನು ನೋಡಿ ಮದುಮಗಳು ಅತ್ತಳು, ಅವಳ ಅಜ್ಜಿ ಅತ್ತಿತು, ಹೆಂಗಸರೆಲ್ಲ ಅತ್ತರು. ಗಂಡಿನ ಕಡೆ ಹುಡುಗರು ಮಾತ್ರ ಚಪ್ಪರದಡಿ ಶಿಳ್ಳೆ ಹಾಕಿ ಕುಣಿಯತೊಡಗಿದರು. ಅತ್ತೆ ನನ್ನ ಕಿವಿಯ ಹತ್ತಿರ ಬಂದು, "ನೋಡೇ, ಕರುಳೇ ಇಲ್ದಿರೋ ಮನೆಗೆ ಕೊಟ್ರು," ಅಂದರು.

ಮಾರನೆಯ ದಿನ ಕಾಲೇಜಿನಿಂದ ಬರುವಾಗ ನಾನು ಭಾಯಿಯನ್ನು ಕೇಳಿಯೇಬಿಟ್ಟೆ. ಅವರು ಬಾಯಿಂದ ದಾರ ತೆಗೆದು ನಿಧಾನವಾಗಿ ಹೇಳಿದರು: "ಸುಳ್ಳು ಹೇಳಿದ್ದಕ್ಕೆ ಅಲ್ಲಾ ಕ್ಷಮಿಸ್ತಾನಮ್ಮ. ನಿಜ ಹೇಳಿದ್ರೆ ನಿಮ್ಮತ್ತೆ ಕ್ಷಮಿಸ್ತಾರಾ?"

ಇಷ್ಟೆಲ್ಲ ಹಾಡುಗಳ ನಡುವೆ ಅತ್ತೆಗೆ ಸಿಗದ ಹಾಡು ಒಂದಿತ್ತು. ಅದರ ಮಾತು ಅವರಿಗೆ ಗೊತ್ತಿರಲಿಲ್ಲ, ಸಿನಿಮಾ ಗೊತ್ತಿರಲಿಲ್ಲ. ರಾಗ ಮಾತ್ರ ಬಾಯಲ್ಲಿತ್ತು. ಕೈಯಲ್ಲಿ ಕೆಲಸವಿಲ್ಲದಾಗ, ಜಗಲಿಯಲ್ಲಿ ಸುಮ್ಮನೆ ಕೂತಾಗ ಅದನ್ನು ಗುನುಗುವರು. ಒಂದು ವಾರ ಅದು ಒಂದನೇ ನಂಬರಿನಲ್ಲಿತ್ತಂತೆ. ಒಂದೇ ವಾರ. ಆಮೇಲೆ ಎಲ್ಲಿ ಹೋಯಿತೋ ಯಾರೂ ಕಾಣರು. ಎಲ್ಲಿ ಕೇಳಿದ್ದು ಅತ್ತೆ ಅಂದರೆ, ಕೇಳಿದ್ದೆ ಬುಡು ಅಂದು ಒಲೆಗೆ ತೆಂಗಿನ ಗರಿಯ ಕೊತ್ತಳಿಕೆ ತುರುಕುವರು.

ಆ ಹಾಡನ್ನು ಅವರು ವಿಚಾರಿಸದ ಜನವಿಲ್ಲ. ಭಾಯಿಗೆ ಹಾಡಿದರು, ಭಾಯಿ ಇದೊಂದಕ್ಕೆ ಮಾತ್ರ ಯಾವ ಸುಳ್ಳೂ ಹೊಳೆಯದೆ ತಲೆಯಾಡಿಸಿದರು. ಟೆಂಟ್ ಸಿನಿಮಾದ ಟಿಕೆಟ್ ಕಿಂಡಿಯೊಳಗೆ ಮುಖ ತೂರಿಸಿ ಹಾಡಿದರು, ಹಿಂದೆ ನಿಂತಿದ್ದವರು ಕೂಗಾಡಿದರು. ಶಿಳ್ಳೆ ಹೊಡೆಯುವ ಒಬ್ಬ ಕಂಡಕ್ಟರಿಗೆ ಹಾಡಿದರು, ಅವನು ಮೈಮರೆತು ಯೋಚಿಸುತ್ತ ದಬ್ಬೇಘಟ್ಟದಲ್ಲಿ ರೈಟ್ ಹೇಳುವುದನ್ನೇ ಮರೆತ. ತಿಪಟೂರಿನ ರೇಡಿಯೊ ರಿಪೇರಿಯವನು ಇದು ಜೋಗುಳ ಅಂದ, ಅವನ ಪಕ್ಕದವನು ಗಣಪತಿ ಭಜನೆ ಅಂದ. ಕೊನೆಗೆ ಸೀಮೆಯ ರೆಕಾರ್ಡೆಲ್ಲ ತನ್ನ ಪೆಟ್ಟಿಗೆಯಲ್ಲಿದೆ ಅಂತ ಜಂಬ ಕೊಚ್ಚುತ್ತಿದ್ದ ಅದೇ ಮೈಕ್ ಸೆಟ್ಟಿನವನಿಗೆ ಹಾಡಿದರು. ಅವನು ಕಣ್ಣು ಮುಚ್ಚಿ ಪೂರ್ತಿ ಕೇಳಿ, "ತಾಯಿ, ಇದು ಯಾವ ರೆಕಾರ್ಡೂ ಅಲ್ಲ. ರೆಕಾರ್ಡು ಬಿಸಿಲಿಗೆ ಸೊಟ್ಟಗಾದ್ರೆ ಹಿಂಗೆ ಬತ್ತದೆ," ಅಂದ.

ಅತ್ತೆ ಅವನ ಜೊತೆ ಒಂದು ವರ್ಷ ಮಾತು ಬಿಟ್ಟರು.

ನನಗೂ ಕುತೂಹಲ ಹತ್ತಿತು. ಮಾವನಿಗೇನಾದರೂ ಗೊತ್ತಿರಬಹುದು ಅಂತ, ಅವರು ಹಸುವಿಗೆ ಹುಲ್ಲು ಹಾಕುವಾಗ ಕೇಳಿದೆ. ಅತ್ತೆ ಯಾವಾಗಲೂ ಗುನುಗುತ್ತಾರಲ್ಲ, ಅದು ಯಾವ ಹಾಡು? ಮಾವ ಸ್ವಲ್ಪ ಹೊತ್ತು ನೆನೆಸಿಕೊಂಡು, "ಅದಾ? ನಿಮ್ಮ ಕಡೆ ಸೋಬಾನೆ ಪದ ಇರಬೇಕು," ಅಂದರು. ಆ ವರ್ಷ ಅವರಾಡಿದ ಅತಿ ಉದ್ದದ ಮಾತು ಅದು. ನಮ್ಮ ಕಡೆ ಅಂಥ ಸೋಬಾನೆ ಇಲ್ಲ. ಇದ್ದಿದ್ದರೆ ಮದುವೆಗಳು ನಿಂತುಹೋಗುತ್ತಿದ್ದವು.

ನನ್ನ ಪಿಯುಸಿ ಮುಗಿಯುವ ವರ್ಷ, ಡಿಸೆಂಬರ್ ಕೊನೆಯಲ್ಲಿ, ರೇಡಿಯೊದವರು ವಿಶೇಷ ಕಾರ್ಯಕ್ರಮ ಇಟ್ಟುಕೊಂಡರು. ಪಂದ್ಯ ಶುರುವಾದ ಕಾಲದಿಂದ ಒಂದನೇ ನಂಬರಿಗೆ ಬಂದು, ಈಗ ಜನ ಮರೆತಿರುವ ಹಾಡುಗಳನ್ನು ಹುಡುಕಿ ಹಾಕುತ್ತಾರಂತೆ. ಅತ್ತೆಗೆ ನಿದ್ದೆ ಹತ್ತಲಿಲ್ಲ. ಮರ ಹತ್ತಿಸಿ ತಂತಿ ಬಿಗಿ ಮಾಡಿಸಿದರು, ಹೊಸ ಸೆಲ್ಲು ತರಿಸಿದರು, ಸಂಜೆಯಾಗುವಷ್ಟರಲ್ಲಿ ಅಡುಗೆ ಮುಗಿಸಿ, ಹಬ್ಬಕ್ಕೆ ಉಡುವ ಸೀರೆಯುಟ್ಟು ಅಟ್ಟ ಹತ್ತಿದರು. ಸ್ಕೂಲಿನಲ್ಲಿ ಕಲಿತ ಹಿಂದಿಯಿದೆ ಅಂತ ನನ್ನನ್ನೂ ಹತ್ತಿಸಿಕೊಂಡರು. ಕೆಳಗೆ ಜಗಲಿಯಲ್ಲಿ ಮಾವ ಒಡೆದ ಚಿಪ್ಪುಗಳ ರಾಶಿಯ ಮುಂದೆ ಕೂತು ಕೊಬ್ಬರಿ ಗಿಟುಕು ಆರಿಸುತ್ತಿದ್ದರು.

ಹಾಡುಗಳು ಬಂದವು, ಹೋದವು. ಒಂದೊಂದು ಶುರುವಾದಾಗಲೂ ಅತ್ತೆ ಮುಂದೆ ಬಾಗುವರು, ಇದಲ್ಲ ಅಂದು ಹಿಂದಕ್ಕೆ ಒರಗುವರು. ಆಮೇಲೆ ರೇಡಿಯೊದವರು ಅಂದದ್ದು ನನಗೂ ಅರ್ಥವಾಯಿತು. ಈ ಮುಂದಿನ ಹಾಡು ಒಂದನೇ ನಂಬರಿನಲ್ಲಿದ್ದದ್ದು ಒಂದೇ ಒಂದು ವಾರ. ನಾನು ಅತ್ತೆಯ ಕೈ ಹಿಡಿದುಕೊಂಡೆ. ಹಾಡು ಶುರುವಾಯಿತು. ಮೆಲ್ಲಗೆ, ತಂಪಾಗಿ, ಕಾಲುವೆಯಲ್ಲಿ ನೀರು ಬಂದ ಹಾಗಿತ್ತು. ಎಂಥ ಚಂದದ ಹಾಡು! ಅತ್ತೆ ಮೊದಲ ಸಾಲು ಕೇಳಿದರು, ಎರಡನೆಯದು ಕೇಳಿದರು, ತುಟಿ ಕೆಳಗೆ ಮಾಡಿ, "ಇದೂ ಅಲ್ಲ," ಅಂದರು.

ಆಗ ಕೆಳಗಿನಿಂದ ಒಂದು ಸದ್ದು ಕೇಳಿಸಿತು. ಕೀಲೆಣ್ಣೆ ಕಾಣದ ಗಾಡಿಯ ಅಚ್ಚು ಕಿರುಗುಟ್ಟಿದಂಥ ಸದ್ದು. ನಾನು ಏಣಿಯ ಬಾಯಿಯಿಂದ ಬಗ್ಗಿ ನೋಡಿದೆ. ಮಾವ! ಮಡಿಲಲ್ಲಿ ಗಿಟುಕು ಹಿಡಿದು, ಯಾರಿಗೂ ಕೇಳಿಸುವುದಿಲ್ಲ ಅಂದುಕೊಂಡು, ರೇಡಿಯೊದ ಜೊತೆ ಹಾಡುತ್ತಿದ್ದರು. ಜೊತೆ ಅನ್ನುವುದು ಹೇಗೆ? ರೇಡಿಯೊ ಇಳಿಯುವಲ್ಲಿ ಅವರು ಏರುತ್ತಿದ್ದರು, ರೇಡಿಯೊ ನಿಲ್ಲುವಲ್ಲಿ ಅವರು ಎಳೆಯುತ್ತಿದ್ದರು. ಆ ಏರಿಳಿತ ನನಗೆ ಚೆನ್ನಾಗಿ ಗೊತ್ತಿತ್ತು. ಜಗಲಿಯಲ್ಲಿ, ಬಸ್ಸಿನಲ್ಲಿ, ಟಿಕೆಟ್ ಕಿಂಡಿಯ ಮುಂದೆ ಎರಡು ವರ್ಷ ಕೇಳಿದ್ದೆನಲ್ಲ.

ತಿರುಗಿ ನೋಡಿದರೆ ಅತ್ತೆ ಅಲ್ಲಾಡದೆ ಕೂತಿದ್ದರು. ರೇಡಿಯೊದಲ್ಲಿ ಹಾಡು ಮುಗಿದು ಬೇರೊಂದು ಶುರುವಾಯಿತು. ಮಾವನೂ ನಿಲ್ಲಿಸಿದರು.

ಅತ್ತೆ ಹೇಳಿದ್ದು ಬಹಳ ಸಣ್ಣ ದನಿಯಲ್ಲಿ. ಮದುವೆಯಾದ ಹೊಸತರಲ್ಲಿ ಮಾವ ಕೊಬ್ಬರಿ ಗಾಡಿಯ ಜೊತೆ ತಿಪಟೂರಿಗೆ ಹೋಗಿ ಬರುತ್ತಿದ್ದರಂತೆ. ಒಂದು ಸಲ ಅಲ್ಲಿನ ಹೋಟೆಲಿನ ರೇಡಿಯೊದಲ್ಲಿ ಕೇಳಿದ ಹಾಡನ್ನು ದಾರಿಯುದ್ದಕ್ಕೂ ಹಾಡಿಕೊಂಡು ಬಂದು, ಈ ವಾರ ಇದೇ ಒಂದನೇ ನಂಬರಂತೆ ಅಂತ ಅತ್ತೆಗೆ ಹಾಡಿ ತೋರಿಸಿದ್ದರಂತೆ. ಆಮೇಲೆ ದಿನಾ ಸಂಜೆ ಅದೇ ಹಾಡು. ಮರುವರ್ಷ ಮಾವನ ಅಪ್ಪ ತೀರಿಕೊಂಡರು. ತೋಟ, ತಮ್ಮಂದಿರು, ತಂಗಿಯರ ಮದುವೆ ಎಲ್ಲ ಹೆಗಲಿಗೆ ಬಿತ್ತು. ಹಾಡು ನಿಂತಿತು, ಮಾತೂ ಕಮ್ಮಿಯಾಯಿತು. ಆ ಹಾಡು ಎಲ್ಲಾದರೂ ಸಿಕ್ಕಿ, ಅವರ ಕಿವಿಗೆ ಬಿದ್ದರೆ ಇನ್ನೊಂದು ಸಲ ಹಾಡಿಯಾರು ಅಂತ ಅತ್ತೆ ರೇಡಿಯೊ ಕೊಂಡದ್ದು.

ಏನಾದರೂ ಹೇಳಬೇಕಲ್ಲ ಅಂತ, "ಅತ್ತೆ, ಮಾವ ರಾಗ ತಪ್ಪಿ ಹಾಡ್ತಿದ್ರು ಕಣತ್ತೆ. ಅದಕ್ಕೇ ಯಾರಿಗೂ ಗೊತ್ತಾಗಲಿಲ್ಲ," ಅಂದೆ.

"ಸುಮ್ಕಿರು," ಅಂದರು ಅತ್ತೆ. "ತಪ್ಪು ಹಾಡ್ತಿರೋರು ರೇಡಿಯೋದೋರು."

ಕಾರ್ಯಕ್ರಮ ಇನ್ನೂ ಅರ್ಧ ಬಾಕಿಯಿತ್ತು. ಅತ್ತೆ ಕೈಚಾಚಿ ರೇಡಿಯೊ ಆರಿಸಿದರು. ಏಣಿಯ ಬಾಯಿಯ ಹತ್ತಿರ ಸರಿದು, ಸೆರಗು ಸರಿಮಾಡಿಕೊಂಡು, ಕೆಳಕ್ಕೆ ನೋಡದೆಯೇ ತಮ್ಮ ಆ ರಾಗದ ಮೊದಲ ಸಾಲನ್ನು ಮೆಲ್ಲಗೆ ಗುನುಗಿದರು. ಕೆಳಗೆ ಗಿಟುಕು ಆರಿಸುವ ಸದ್ದು ನಿಂತಿತು. ಅತ್ತೆ ಇನ್ನೊಂದು ಸಲ ಗುನುಗಿದರು. ಈಗ ಕೆಳಗಿನಿಂದಲೂ ದನಿ ಬಂತು. ಒಬ್ಬರು ಅಟ್ಟದ ಮೇಲೆ, ಒಬ್ಬರು ಜಗಲಿಯಲ್ಲಿ. ಇಬ್ಬರೂ ಒಂದೇ ಜಾಗದಲ್ಲಿ ರಾಗ ತಪ್ಪುತ್ತಿದ್ದರು.