ಬೇಸ್‌ಬಾಲಿನ ಮೊದಲ ಅಧ್ಯಾಯ

ಯಾವ ವಿಷಯವನ್ನಾದರೂ ನಡುವಿನಿಂದ ಶುರುಮಾಡುವುದು ನನ್ನ ಜಾಯಮಾನಕ್ಕೆ ಒಗ್ಗದು. ಮಂಡ್ಯದ ಹೈಸ್ಕೂಲಿನಲ್ಲಿ ನಮ್ಮ ಮೇಷ್ಟ್ರು ಏನನ್ನೇ ಕಲಿಸಲಿ, ಮೊದಲು ‘ಉಗಮ ಮತ್ತು ವಿಕಾಸ’ ಆಗಲೇಬೇಕಿತ್ತು. ವಿದ್ಯುತ್ತಿನ ಪಾಠದಲ್ಲಿ ಬಲ್ಬು ಹೊತ್ತಿಕೊಳ್ಳುವ ವೇಳೆಗೆ ದಸರಾ ರಜೆ ಬಂದಿರುತ್ತಿತ್ತು. ಹೀಗೆ ಬೆಳೆದವನು ಕಡಲಾಚೆಯ ಸನ್ನಿವೇಲಿಗೆ ಬಂದು ಎಂಜಿನಿಯರಾದರೂ ಹುಟ್ಟುಗುಣ ಸುಟ್ಟರೂ ಹೋಗಲಿಲ್ಲ. ಮನೆಗೆ ಮೈಕ್ರೊವೇವ್ ತಂದಾಗ ನಾನು ಅದರ ಪುಸ್ತಕದ ಮುನ್ನುಡಿಯಲ್ಲಿದ್ದೆ; ನನ್ನ ಹೆಂಡತಿ ಸುಮಿತ್ರ ಅಷ್ಟರಲ್ಲಿ ಹಾಲು ಕಾಯಿಸಿ, ಉಕ್ಕಿಸಿ, ಒರೆಸಿಯೂ ಬಿಟ್ಟಿದ್ದಳು.

ಎಂಬತ್ತರ ದಶಕದ ಮಾತು. ನಮ್ಮ ಗ್ರೀನ್ ಕಾರ್ಡಿನ ಅರ್ಜಿಗೆ ಕಂಪನಿಯ ಪರವಾಗಿ ಸಹಿ ಹಾಕಬೇಕಾಗಿದ್ದವನು ನನ್ನ ಬಾಸು ಬಿಲ್. ಕಾಗದಗಳು ಅವನ ಮೇಜಿನ ಮೇಲೆ ಕಾಫಿ ಲೋಟಕ್ಕೆ ಅಡಿಮಣೆಯಾಗಿ ತಿಂಗಳುಗಟ್ಟಲೆ ಬಿದ್ದಿದ್ದವು. ಮನುಷ್ಯ ಕೆಟ್ಟವನಲ್ಲ, ಮರೆಗುಳಿ. ನೆನಪಿಸೋಣವೆಂದರೆ ನನಗೆ ಸಂಕೋಚ. ಆ ಸಹಿ ಬೀಳದಿದ್ದರೆ ವೀಸಾ ಮುಗಿದೊಡನೆ ಗಂಟುಮೂಟೆ ಕಟ್ಟಬೇಕು ಎಂಬ ಭಯ ಮಾತ್ರ ಸದಾ ಇತ್ತು.

“ರೀ, ಲಂಚಲ್ಲಿ ಅವ್ರ ಜೊತೆ ಕೂತ್ಕೊಂಡು ನಾಲ್ಕು ಮಾತಾಡಿ. ನಿಮ್ಮ ಮುಖ ಕಂಡ್ರೆ ತಾನೇ ಪೇಪರ್ಸು ನೆನಪಾಗೋದು?” ಎಂದಳು ಸುಮಿತ್ರ.

ಹೋಗಿ ಕೂತೆ. ಅಲ್ಲಿ ಬೇಸ್‌ಬಾಲ್ ಬಿಟ್ಟು ಬೇರೆ ಮಾತೇ ಇಲ್ಲ. ಅವರೆಲ್ಲ ನಿನ್ನೆಯ ಆಟವನ್ನು ಮೆಲುಕು ಹಾಕುತ್ತಿದ್ದರೆ ನಾನು ಮೊಸರನ್ನವನ್ನು ಮೆಲುಕು ಹಾಕುತ್ತಿದ್ದೆ. ಇದಕ್ಕೊಂದು ದಾರಿ ಕಾಣಬೇಕೆಂದು ಲೈಬ್ರರಿಗೆ ಹೋದೆ. ಇನ್ನೊಬ್ಬನಾಗಿದ್ದರೆ ಈ ವರ್ಷದ ತಂಡಗಳ ವಿಷಯ ಓದುತ್ತಿದ್ದ. ನಾನು ವೃತ್ತಿಪರ ಬೇಸ್‌ಬಾಲಿನ ಉಗಮ ಮತ್ತು ವಿಕಾಸದ ದಪ್ಪ ಪುಸ್ತಕವನ್ನೇ ಹೊತ್ತು ತಂದೆ.

ಓದುತ್ತ ಓದುತ್ತ ರುಚಿ ಹತ್ತಿತು. ಮೊದಮೊದಲು ದುಡ್ಡಿಗೆ ಆಡುವುದು ಮರ್ಯಾದಸ್ಥರ ಲಕ್ಷಣವಲ್ಲವಂತೆ. ಹಾಗಾಗಿ ಒಳ್ಳೆಯ ಆಟಗಾರನನ್ನು ಯಾವುದೋ ಅಂಗಡಿಯ ಗುಮಾಸ್ತನೆಂದು ತೋರಿಸಿ ಗುಟ್ಟಾಗಿ ಸಂಬಳ ಕೊಡುತ್ತಿದ್ದರಂತೆ. ಕೈಗೆ ಗವಸು ಹಾಕಿಕೊಂಡವನನ್ನು ಹೇಡಿಯೆಂದು ನಗುತ್ತಿದ್ದರಂತೆ. ಬ್ಯಾಟು ಹಿಡಿದವನು ಚೆಂಡು ಮೇಲಕ್ಕೆ ಬೇಕೋ ಕೆಳಕ್ಕೆ ಬೇಕೋ ಎಂದು ಹೋಟೆಲಿನಲ್ಲಿ ದೋಸೆಗೆ ಹೇಳಿದಂತೆ ಹೇಳಬಹುದಿತ್ತಂತೆ! ಇದನ್ನು ಉತ್ಸಾಹದಿಂದ ಮಗಳು ಕಾವ್ಯಳಿಗೆ ಹೇಳಿದರೆ ಅವಳು ಟೀವಿಯಿಂದ ಕಣ್ಣು ತೆಗೆಯದೆ, “ಅಪ್ಪಾ, ನೋಬಡಿ ಪ್ಲೇಸ್ ಲೈಕ್ ದಟ್ ನೌ” ಎಂದಳು. ಈಗಿನದನ್ನು ಕೇಳಿದವರಾರು? ನಾನಿನ್ನೂ ನೂರು ವರ್ಷ ಹಿಂದಿದ್ದೆ.

ಅಷ್ಟರಲ್ಲಿ ಬಿಲ್‌ನ ಬಳಿ ಒಂದು ಟಿಕೆಟ್ಟು ಮಿಕ್ಕಿತು; ಶನಿವಾರ ಅವನು ನನ್ನನ್ನು ಓಕ್ಲ್ಯಾಂಡಿನ ಸ್ಟೇಡಿಯಂಗೆ ಕರೆದುಕೊಂಡು ಹೋದ. ಮೈದಾನದಲ್ಲಿ ಏನು ನಡೆಯುತ್ತಿದೆಯೋ ನನಗೊಂದೂ ತಿಳಿಯಲಿಲ್ಲ. ಎಲ್ಲರೂ ಎದ್ದಾಗ ಎದ್ದೆ, ಕೂತಾಗ ಕೂತೆ, ಪುರೋಹಿತರ ಕಡೆ ನೋಡಿಕೊಂಡು ಆಚಮನ ಮಾಡುವವನ ಹಾಗೆ. ಆಟ ಸ್ವಲ್ಪ ನಿಂತಾಗ, ಇದೇ ಸಮಯವೆಂದು ನಾನು ಓದಿದ್ದನ್ನೆಲ್ಲ ಬಿಚ್ಚಿದೆ. ಹಿಂದೆ ತಂಡದ ಮಾಲೀಕರೆಲ್ಲ ಸೇರಿ ಒಂದು ಕಟ್ಟಳೆ ಮಾಡಿಕೊಂಡಿದ್ದರು; ಒಬ್ಬ ಮಾಲೀಕ ‘ಇವನು ನನ್ನವನು’ ಎಂದು ಗುರುತಿಟ್ಟ ಆಟಗಾರನನ್ನು ಬೇರೆ ಯಾರೂ ಕರೆಯುವಂತಿಲ್ಲ; ಒಪ್ಪಂದ ಮುಗಿದರೂ ಅವನು ಅಲ್ಲೇ ಆಡಬೇಕು, ಇಲ್ಲವೇ ಆಟ ಬಿಡಬೇಕು. “ಕೊನೆಗೆ ಆಟಗಾರರು ರೊಚ್ಚಿಗೆದ್ದರು ಬಿಲ್, ಒಟ್ಟಾಗಿ ಹೊರಬಂದು ತಮ್ಮದೇ ಲೀಗು ಕಟ್ಟಿದರು!” ಎಂದು ಕೈ ಬೀಸಿ ಹೇಳಿದೆ. ಬಿಲ್ ತಿನ್ನುತ್ತಿದ್ದ ಕಡಲೆಕಾಯಿ ಬಿಟ್ಟು ನನ್ನನ್ನೇ ನೋಡಿದ. ನನ್ನ ಪಾಂಡಿತ್ಯಕ್ಕೆ ಬೆರಗಾದನೆಂದು ನಾನು ಬೀಗಿದೆ.

ಸೋಮವಾರ ಬೆಳಿಗ್ಗೆ ಅವನು ನನ್ನನ್ನು ರೂಮಿಗೆ ಕರೆದು ಬಾಗಿಲು ಮುಚ್ಚಿದ. “ನಿಜ ಹೇಳು, ಯಾರ್ಯಾರು ಸೇರಿ ಹೊಸ ಕಂಪನಿ ತೆಗೀತಿದ್ದೀರಿ?” ಎಂದ. ಕಂಪ್ಯೂಟರ್ ಕಂಪನಿಗಳೇ ತುಂಬಿದ್ದ ನಮ್ಮ ಕಣಿವೆಯಲ್ಲಿ ಆಗ ಎಂಜಿನಿಯರುಗಳು ಬೆಳಿಗ್ಗೆ ರಾಜೀನಾಮೆ ಕೊಟ್ಟು ಸಂಜೆಗೆ ಗ್ಯಾರೇಜಿನಲ್ಲಿ ಬೋರ್ಡು ಹಾಕುತ್ತಿದ್ದ ಕಾಲ. ಬಡಪಾಯಿ ನನ್ನ ಪುರಾಣವನ್ನು ರಾಜೀನಾಮೆಯ ನೋಟೀಸು ಎಂದುಕೊಂಡಿದ್ದ. ಯಾರೂ ಇಲ್ಲ, ಏನೂ ಇಲ್ಲ ಎಂದು ನಾನು ತೊದಲಿದಷ್ಟೂ ಅವನ ಅನುಮಾನ ಬಲವಾಯಿತು. ಅಸಲಿಗೆ ಆ ಲೀಗು ಒಂದೇ ವರ್ಷಕ್ಕೆ ಮುಚ್ಚಿ, ಆಟಗಾರರು ಹಳೆಯ ಮಾಲೀಕರ ಬಳಿಗೇ ಮರಳಿದರೆಂದು ಮುಂದಿನ ಅಧ್ಯಾಯದಲ್ಲಿತ್ತು. ಅಲ್ಲಿಯವರೆಗೆ ನಾನು ಓದಿರಲಿಲ್ಲ, ಪುಣ್ಯ. “ನೀನೆಲ್ಲೂ ಹೋಗಬೇಡ” ಎಂದು ಬಿಲ್ ಲೋಟ ಎತ್ತಿ ಪಕ್ಕಕ್ಕಿಟ್ಟು, ಕಾಫಿ ಕಲೆಯಾಗಿದ್ದ ಕಾಗದಗಳಿಗೆ ನನ್ನ ಕಣ್ಣೆದುರಿಗೇ ಸಹಿ ಹಾಕಿದ.

ಸಂಜೆ ಮನೆಯಲ್ಲಿ ಕೇಸರಿಬಾತು. ನಾನು ನಡೆದದ್ದನ್ನೆಲ್ಲ ಹೇಳಿದ ಮೇಲೆ ಸುಮಿತ್ರ ಬಡಿಸುತ್ತ ಕೇಳಿದಳು: “ಕಾರ್ಡು ಬರೋಕ್ ಮುಂಚೆ ಬೇರೆ ಕಂಪನಿಗೆ ಹೋದ್ರೆ?”

“ಅರ್ಜಿ ಮತ್ತೆ ಮೊದಲಿಂದ ಶುರು ಮಾಡ್ಬೇಕು. ಕಾರ್ಡು ಬರೋಕೆ ಇನ್ನೂ ಎಷ್ಟೋ ವರ್ಷ ಇದೆ.”

“ಅಂದ್ರೆ ಅಷ್ಟು ವರ್ಷ ಅವ್ರು ಹೇಳ್ದಂಗೆ ಅಲ್ಲೇ ಇರ್ಬೇಕು. ಅದನ್ನೇ ಅಲ್ವೇನ್ರೀ ಆ ಆಟಗಾರರು ಬೇಡ ಅಂತ ಜಗಳ ಆಡಿದ್ದು?”

ನಾನು ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡವನೇ ಸರಿ. ಆದರೂ ನನಗಾದದ್ದು ಹೇಳತೀರದಷ್ಟು ಸಂತೋಷ. “ಇನ್ನೊಂದು ಚಮಚ ತುಪ್ಪ ಹಾಕು” ಎಂದು ತಟ್ಟೆ ಮುಂದಕ್ಕೆ ಚಾಚಿದೆ.